ಅಳತೆ ಬಲ್ಲ ಗೋಡೆ

“ಈ ಮನೆ ಬೇಡ ಮಾಸ್ಟ್ರೇ,” ಎಂದ ಮೇಸ್ತ್ರಿ. “ಪಕ್ಕದ ಖಾಲಿ ಸೈಟ್ ತಗೊಳ್ಳಿ. ನಿಮ್ಮ ಅಳತೆಗೆ ನಾನೇ ಕಟ್ಟಿಕೊಡ್ತೀನಿ. ಇದು ಬೇರೆಯವನ ಅಳತೆಗೆ ಕಟ್ಟಿದ್ದು.”

ಟೇಲರ್ ಮಾಸ್ಟರು ಗೇಟಿನ ಮುಂದೆ ನಿಂತು ನಕ್ಕುಬಿಟ್ಟರು. ಮೇಸ್ತ್ರಿ ಬೋರಲು ಹಾಕಿದ ಬಾಂಡಲಿಯ ಮೇಲೆ ಕೂತಿದ್ದ. ಅವನ ಉಗುರುಸಂದಿಯ ಸುಣ್ಣ ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಅವನ ಹಿಂದೆ ಹೊಸ ಮನೆ, ಬಣ್ಣ ಬಳಿದುಕೊಂಡು, ಬೀಗದ ಕೈ ಸಮೇತ ಸಿದ್ಧವಾಗಿ ನಿಂತಿತ್ತು. ಕಂಟ್ರಾಕ್ಟರು ತಾನೇ ಇರಬೇಕೆಂದು ಕಟ್ಟಿಸಿ, ಮುಗಿಯುವ ಹೊತ್ತಿಗೆ ಮನಸ್ಸು ಬದಲಾಯಿಸಿ ಮಾರಾಟಕ್ಕೆ ಇಟ್ಟಿದ್ದ.

ಕಟ್ಟುವವನನ್ನು ಕೇಳಿದರೆ ಕಟ್ಟಿಸು ಅನ್ನದೆ ಇನ್ನೇನು ಅಂತಾನೆ ಎಂದು ಮಾಸ್ಟರು ಛೇಡಿಸಿದರು. ಮೇಸ್ತ್ರಿ ನಗಲಿಲ್ಲ. ಮನೆಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, “ಅದಕ್ಕೆ ಅವನೇ ಬಂದು ಇರಬೇಕು. ಬೇರೆಯವರು ಬಂದರೆ ಗೋಡೆ ಹಸಿದೇ ಇರುತ್ತೆ. ಹಸಿದ ಗೋಡೆ ಒಳ್ಳೇದಲ್ಲ,” ಎಂದ.

ಮಗಳು ಹೋದ ಮೇಲೆ ಇವನ ತಲೆ ಕೆಟ್ಟಿದೆ ಎಂದುಕೊಂಡರು ಮಾಸ್ಟರು. ಅವಳ ಸಾವು ಎಲ್ಲರಿಗೂ ಗೊತ್ತಿದ್ದದ್ದೇ. ಇದೇ ಮನೆಯ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಹಸಿ ಗೋಡೆಯ ಆಸರೆ ಬೇಗ ತೆಗೆಯಬೇಡಿ ಎಂದು ಮೇಸ್ತ್ರಿ ಬೇಡಿಕೊಂಡರೂ ಕಂಟ್ರಾಕ್ಟರು ಅವಸರಕ್ಕೆ ತೆಗೆಸಿದ. ಗೋಡೆ ಅವಳ ಮೇಲೆ ಬಿತ್ತು. ಅವಳು ನಮ್ಮ ಕೆಲಸದವಳೇ ಅಲ್ಲ, ಅಪ್ಪನಿಗೆ ಊಟ ತಂದವಳು, ಅಷ್ಟೇ ಎಂದು ಕಂಟ್ರಾಕ್ಟರು ಕೈ ತೊಳೆದುಕೊಂಡ. ಮೇಸ್ತ್ರಿ ಮಾತ್ರ ಕೆಲಸ ಬಿಡಲಿಲ್ಲ. ಅದೇ ಗೋಡೆಯನ್ನು ಮತ್ತೆ ಎಬ್ಬಿಸಿದ. ಜನ ಅವನನ್ನು ಮಾನವಿಲ್ಲದವನು ಎಂದರು.

ಮನೆಯಲ್ಲಿ ಮಾಸ್ಟರ ಹೆಂಡತಿಗೂ ಖಾಲಿ ಸೈಟಿನ ಮೇಲೆಯೇ ಆಸೆ. ಅಂಗಡಿಯ ಕಾಜಾ-ಗುಂಡಿ ಕೆಲಸವೆಲ್ಲ ಅವಳದು. ಹಗಲೆಲ್ಲ ಬಟ್ಟೆಯ ಮೇಲೆ ಬಗ್ಗಿರುವವಳಿಗೆ, ಅಡುಗೆಮನೆಯಲ್ಲಾದರೂ ಬೀದಿ ಕಾಣುವ ಒಂದು ಕಿಟಕಿ ಬೇಕಿತ್ತು. ಸಿದ್ಧ ಮನೆಯಲ್ಲಿ ಆ ಜಾಗದಲ್ಲಿ ಬೋಳು ಗೋಡೆ.

“ರೀ, ಅಂಗಡೀಲಿ ‘ರೆಡಿಮೇಡ್ ಆಲ್ಟರ್ ಮಾಡುವುದಿಲ್ಲ’ ಅಂತ ಬೋರ್ಡ್ ಹಾಕಿದ್ದೀರ. ಇರೋಕೆ ಮಾತ್ರ ರೆಡಿಮೇಡ್ ಆಗುತ್ತಾ?” ಎಂದು ಕೇಳಿದಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಒಂದನ್ನು ನೋಡಿಯೇ ಸುಸ್ತಾಗಿದ್ದೇನೆ ಎಂದು ಮಾಸ್ಟರು ಮಾತು ಹಾರಿಸಿದರು. ಸಾಮಾನು ಸಾಗಿದ್ದು ಸಿದ್ಧ ಮನೆಗೇ.

ಮೊದಲ ವಾರ ಅವರು ಹೆಂಡತಿಯ ಎದುರು ಬೀಗಿದ್ದೇ ಬೀಗಿದ್ದು. ಬಚ್ಚಲಿನ ನಲ್ಲಿ ಅವರ ಕೈಗೆ ಸರಿಯಾಗಿತ್ತು. ಬಾಗಿಲ ಚಿಲಕ, ಅಂಗಿ ತೂಗುಹಾಕುವ ಗೂಟ, ಮೆಟ್ಟಿಲ ಎತ್ತರ, ಯಾವುದಕ್ಕೂ ಬಗ್ಗಬೇಕಿಲ್ಲ, ಚಾಚಬೇಕಿಲ್ಲ. ನನ್ನನ್ನು ನಿಲ್ಲಿಸಿಕೊಂಡು ಹೊಲಿದ ಹಾಗಿದೆ ಎಂದರು. ಸರಿಹೊಂದದ್ದು ಒಂದೇ, ಅವರೇ ಹೊಲಿದ ಪರದೆಗಳು. ಎರಡು ಬೆರಳು ಉದ್ದವಾಗಿ ನೆಲ ಗುಡಿಸುತ್ತಿದ್ದವು. ಯಾವ ಬಟ್ಟೆಯಾದರೂ ಒಳಹೊಲಿಗೆಗೆಂದು ಎರಡು ಬೆರಳು ಬಿಟ್ಟೇ ಕತ್ತರಿ ಹಾಕುವ ಕೈ ಅದು. ನಾಳೆ ನಾನೇ ಮಡಿಚಿ ಹೊಲಿಯುತ್ತೇನೆ ಎಂದು ಹೆಂಡತಿ ನಕ್ಕಳು.

ಎಂಟನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಮಲಗುವ ಕೋಣೆಗೆ ಹೋಗುವಾಗ ಬಾಗಿಲ ಮೇಲಿನ ಚೌಕಟ್ಟು ಅವರ ಕೂದಲಿಗೆ ತಾಗಿತು. ನಿನ್ನೆ ತಾಗಿರಲಿಲ್ಲ. ಮರುದಿನ ಹಣೆಗೆ ಬಡಿಯಿತು. ಮಾಸ್ಟರು ಟೇಪು ಹಿಡಿದು ಅಳೆದು, ಬಾಗಿಲ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು. ಮೂರನೆಯ ದಿನ ಅಳೆದರೆ ಮೂರು ಬೆರಳು ಕಡಿಮೆ. ಹೆಂಡತಿ ಅದೇ ಟೇಪಿನಿಂದ ಅಳೆದಳು. ಅವಳಿಗೆ ಮೊದಲಿನ ಅಳತೆಯೇ ಬಂತು.

ಮೂವತ್ತು ವರ್ಷ ಟೇಪು ಹಿಡಿದ ಕೈ ತಪ್ಪು ಓದುವುದಿಲ್ಲ. ಮಾಸ್ಟರಿಗೆ ಮೊದಲ ಸಲ ಹೆದರಿಕೆಯಾಯಿತು.

ಆಮೇಲೆ ವಾಸನೆ ಬಂತು. ಹಸಿ ಸುಣ್ಣ, ನೆನೆದ ಇಟ್ಟಿಗೆ, ಅದರಡಿಯಲ್ಲಿ ಬೆವರಿನ ಹುಳಿ. ನಡುಹಗಲಿನಲ್ಲೂ ಆ ಕೋಣೆಗೆ ಬೆಳಕು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಗೋಡೆಯೊಳಗಿಂದ ಕರಣೆ ಉಜ್ಜುವ ಸದ್ದು ಕೇಳಿಸುತ್ತಿತ್ತು. ಗೀರ್. ನಿಲುಗಡೆ. ಗೀರ್. ಕೋಣೆಯೊಳಗೆ ನಿಂತರೆ ಹಾಕಿಕೊಂಡ ಅಂಗಿ ಎದೆಗೆ ಬಿಗಿಯುತ್ತಿತ್ತು, ಹೊರಗೆ ಬಂದರೆ ಸಡಿಲ. ಮಂಚದ ತಲೆಭಾಗದ ಗೋಡೆಯನ್ನು ಬೆರಳಿನಿಂದ ಬಡಿದರು. ಟೊಳ್ಳು. ಬಡಿಯುತ್ತ ಹೋದರು. ಟೊಳ್ಳು ನೆಲದಿಂದ ಶುರುವಾಗಿ ಅವರ ನೆತ್ತಿಯ ಮಟ್ಟಕ್ಕೆ ಮುಗಿಯಿತು. ಅಗಲದಲ್ಲಿ ಅವರ ಭುಜದಿಂದ ಭುಜಕ್ಕೆ.

ಆಗ ನೆನಪಾಯಿತು.

ಎರಡು ವರ್ಷದ ಹಿಂದೆ, ಮಗಳ ಹೆಣ ಎತ್ತಿದ ತಿಂಗಳಲ್ಲೇ, ಮೇಸ್ತ್ರಿ ಅಂಗಡಿಗೆ ಬಂದಿದ್ದ. ಕಂಟ್ರಾಕ್ಟರಿಗೆ ಒಂದು ಅಂಗಿ ಹೊಲಿಸಿ ಕೊಡಬೇಕು, ಅವರ ಅಳತೆ ನಿಮ್ಮ ಪುಸ್ತಕದಲ್ಲಿ ಇರುತ್ತಲ್ಲ, ನೆತ್ತಿಯಿಂದ ಹಿಮ್ಮಡಿಗೆ ದಾರ ಕತ್ತರಿಸಿ ಕೊಡಿ ಎಂದಿದ್ದ. ಅಂಗಿಗೆ ನೆತ್ತಿಯ ಅಳತೆ ಯಾಕೆಂದು ಕೇಳುವಷ್ಟೂ ಪುರುಸೊತ್ತಿರಲಿಲ್ಲ. ಕಂಟ್ರಾಕ್ಟರು ಜನ್ಮದಲ್ಲಿ ಬಟ್ಟೆ ಹೊಲಿಸಿದವನಲ್ಲ, ಅವನ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಲ್ಲ ಅನ್ನಲು ಮಾಸ್ಟರಿಗೆ ಅಭಿಮಾನ ಅಡ್ಡ ಬಂತು. ಅವನು ನನ್ನ ಹಾಗೇ ಇದ್ದಾನೆ, ಎರಡು ಬೆರಳು ಕುಳ್ಳ ಇರಬಹುದು, ಯಾರು ನೋಡುತ್ತಾರೆ ಎಂದು ಒಳಗೆ ಹೋಗಿ ದಾರದ ತುದಿಯನ್ನು ತನ್ನ ಹಿಮ್ಮಡಿಯಡಿಗೇ ಮೆಟ್ಟಿ, ನೆತ್ತಿಗೆ ಸರಿಯಾಗಿ ಕತ್ತರಿಸಿ ಕೊಟ್ಟಿದ್ದರು.

ಮಾಸ್ಟರು ಮೇಸ್ತ್ರಿಯ ಬಳಿಗೆ ಓಡಿ ಎಲ್ಲವನ್ನೂ ಹೇಳಿದರು. ಅವನು ಗೋಡೆಯ ಗುಟ್ಟು ಬಿಚ್ಚಿದ. ಅವನ ಅಜ್ಜಿ ಕಲಿಸಿದ ವಿದ್ಯೆಯದು. ದಾರವನ್ನು ಸುಣ್ಣದಲ್ಲಿ ಅದ್ದಿ, ಮಂತ್ರ ಹೇಳಿ, ಗೋಡೆಯಲ್ಲಿ ಒಬ್ಬ ಮನುಷ್ಯನಷ್ಟು ಟೊಳ್ಳು ಬಿಟ್ಟು, ಒಳಗಿಟ್ಟು ಮುಚ್ಚಬೇಕು. ಗೋಡೆ ತನ್ನ ಅಳತೆಯವನನ್ನು ಕರೆದುಕೊಳ್ಳುತ್ತದೆ.

“ನನ್ನ ಮಗಳನ್ನ ಅವನು ಒಂದು ಸಲ ಕೊಂದ,” ಎಂದ ಕೊನೆಗೆ. “ನೀವು ಅವಳ ನ್ಯಾಯಾನೂ ಕೊಂದ್ರಿ. ಬರೀ ಸೋಮಾರಿತನಕ್ಕೆ.”

ಮಾಸ್ಟರು ಅವನ ಕಾಲು ಹಿಡಿದರು. ಮೇಸ್ತ್ರಿ ಕಾಲು ಹಿಂದಕ್ಕೆಳೆದುಕೊಂಡು ದಾರಿ ಹೇಳಿದ. ತಪ್ಪು ಅಳತೆ ಕೊಟ್ಟ ಕೈಯೇ ಸರಿ ಅಳತೆ ತೆಗೆಯಬೇಕು. ಹಳೆಯ ದಾರ ಕಿತ್ತು ಹೊಸದನ್ನು ಇಟ್ಟು ಅದೇ ಕೈ ಮುಚ್ಚಬೇಕು. ಆಮೇಲೆ ಅಳತೆಯವನು ಒಮ್ಮೆ ಆ ಮನೆಯೊಳಗೆ ಕಾಲಿಟ್ಟರೆ ಸಾಕು.

“ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು. ಗೋಡೆಗೆ ಮುಖ ಗೊತ್ತಿಲ್ಲ ಮಾಸ್ಟ್ರೇ. ಅಳತೆ ಮಾತ್ರ ಗೊತ್ತು.”

ಮನೆ ಕೊಟ್ಟ ಸಂತೋಷಕ್ಕೆ ಒಂದು ಕೋಟು ಹೊಲಿದು ಕೊಡುತ್ತೇನೆ ಎಂದು ಮಾಸ್ಟರು ಹೇಳಿಕಳಿಸಿದ್ದೇ ತಡ, ಕಂಟ್ರಾಕ್ಟರು ಅಂಗಡಿಗೆ ಬಂದು ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತ. ಅವನಿಗೆ ತಿಳಿಯದಂತೆ ಸಾಯಿಸಲು ಹೊರಟ ಮಾಸ್ಟರಿಗೆ ಅಳುಕಾಯಿತೇ? ಆಯಿತು. ಟೇಪು ಎರಡು ಸಲ ಕೈಜಾರಿತು. ಮೇಸ್ತ್ರಿಯ ಮಗಳ ಮಾತೆತ್ತಿದರು, ಅವನ ಬಾಯಿಂದ ಒಂದು ಅಯ್ಯೋ ಬಂದರೆ ದಾರ ಬಿಸಾಡೋಣವೆಂದು.

“ಆ ಹುಡುಗಿನಾ? ಗೋಡೆ ಬೀಳೋದು ಕಾಣಿಸಲ್ವಾ, ಓಡಬೇಕು ತಾನೆ?” ಎಂದ ಕಂಟ್ರಾಕ್ಟರು, ತೋಳನ್ನು ಮೇಲೆತ್ತಿ. “ಕೋಟಿನ ಕೈ ಸ್ವಲ್ಪ ಉದ್ದ ಇರಲಿ.”

ಮಾಸ್ಟರ ಅಳುಕು ಅಲ್ಲಿಗೆ ಸತ್ತುಹೋಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡು, ಹಿಂದೆ ನಿಂತು ದಾರವನ್ನು ನೆತ್ತಿಯಿಂದ ಇಳಿಬಿಟ್ಟರು. ಕುತ್ತಿಗೆ, ಬೆನ್ನು, ಮೊಣಕಾಲ ಹಿಂಭಾಗ, ಹಿಮ್ಮಡಿ. ಕತ್ತರಿ ಕಚಕ್ ಎಂದಿತು. ಕೋಪದಲ್ಲಿ ಅವರ ಗಮನ ಕತ್ತರಿಯ ಮೇಲಿರಲಿಲ್ಲ. ಕೈ ನಡೆಸಿದ್ದು ಮೂವತ್ತು ವರ್ಷದ ರೂಢಿ.

ಮರುದಿನ ಹೆಂಡತಿ ಅಂಗಡಿಗೆ ಹೋದ ಮೇಲೆ ಮಾಸ್ಟರು ಕೋಣೆಗೆ ನುಗ್ಗಿದರು. ಬಾಗಿಲಲ್ಲಿ ಸೊಂಟ ಬಗ್ಗಿಸಿ ತೂರಬೇಕಾಯಿತು. ಉಳಿ ಹೊಡೆದು ಗೋಡೆಯಲ್ಲಿ ಕೈ ಹಿಡಿಸುವಷ್ಟು ತೂತು ಮಾಡಿದರು. ಒಳಗಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು, ಉಸಿರು ಬಿಟ್ಟ ಹಾಗೆ. ಸುಣ್ಣ ಮೆತ್ತಿದ ಹಳೆಯ ದಾರ ಕೈಗೆ ಸಿಕ್ಕಿತು. ಎಳೆದು ಬಿಸಾಡಿದರು. ಹೊಸದನ್ನು ಇಳಿಬಿಟ್ಟರು. ಮೇಸ್ತ್ರಿ ಕಲಸಿಕೊಟ್ಟ ಗಾರೆ ಮೆತ್ತಿ ಮುಚ್ಚಿದರು.

ಎದೆ ಸಡಿಲವಾಯಿತು. ಸೂರು ಮೇಲಕ್ಕೆ ಹೋಯಿತು. ಮಾಸ್ಟರು ನೆಲದ ಮೇಲೆ ಕೂತು ಎದೆ ತುಂಬ ಗಾಳಿ ಎಳೆದುಕೊಂಡು ಅತ್ತರು. ಬದುಕಿಕೊಂಡೆ ಎಂದುಕೊಂಡರು. ಇಂದೇ ಈ ಮನೆ ಬಿಟ್ಟು ಹೆಂಡತಿಗೆ ಆ ಸೈಟಿನಲ್ಲಿ ಅವಳ ಕಿಟಕಿ ಕಟ್ಟಿಸಿಕೊಡುತ್ತೇನೆ ಎಂದುಕೊಂಡರು. ಗಾರೆಯ ಕೈ ಒರೆಸಲು ಪರದೆಯ ಕಡೆಗೆ ಚಾಚಿದರು.

ಪರದೆಯ ಅಂಚು ನೆಲದ ಮೇಲೆ ಮಡಿಚಿ ಬಿದ್ದಿತ್ತು. ಎರಡು ಬೆರಳು.

ಅವರ ಕೈ ಹಾಗೇ ನಿಂತಿತು. ನಿನ್ನೆ ದಾರ ಹಿಮ್ಮಡಿ ಮುಟ್ಟಿದ್ದು ನೆನಪಾಯಿತು. ಮುಟ್ಟಿದ ಮೇಲೆ ಬೆರಳು ಇನ್ನಷ್ಟು ಕೆಳಕ್ಕೆ ಸರಿದದ್ದು. ಒಂದು ಬೆರಳು. ಎರಡು. ಆಮೇಲೆ ಕತ್ತರಿ. ಒಳಹೊಲಿಗೆಗೆ. ಕಂಟ್ರಾಕ್ಟರು ತನಗಿಂತ ಎರಡು ಬೆರಳು ಕುಳ್ಳ. ಕುಳ್ಳನ ಅಳತೆಗೆ ಎರಡು ಬೆರಳು ಸೇರಿದರೆ ಯಾರ ಅಳತೆ?

ಗೀರ್.

ಗೋಡೆಗೆ ಹಾರಿದರು. ಉಗುರಿನಿಂದ ಗಾರೆ ಕೆರೆದರು. ಗಾರೆ ಕಲ್ಲಾಗಿತ್ತು. ಉಳಿ ಎಲ್ಲಿ? ಕಾಣಲಿಲ್ಲ. ಬೆಳಕು ಬಾಗಿಲಿನಿಂದ ಹಿಂದೆ ಸರಿಯಿತು. ಸೂರು ನೆತ್ತಿ ಮುಟ್ಟಿತು. ಬಾಗಿಲ ಕಡೆಗೆ ತಿರುಗಿದರು. ಬಾಗಿಲು ಭುಜದಷ್ಟಿತ್ತು. ಅಂಗೈಯಷ್ಟಾಯಿತು. ಹೋಯಿತು. ಹಸಿ ಸುಣ್ಣ ಮೂಗಿಗೆ. ಬಾಯಿಗೆ. ಕೂಗಿದರು. ಕೂಗು ಹಲ್ಲಿನವರೆಗೆ ಬಂದು ಇಟ್ಟಿಗೆಗೆ ತಾಗಿತು. ಬೆನ್ನಿಗೆ ಇಟ್ಟಿಗೆ. ಎದೆಗೆ ಇಟ್ಟಿಗೆ. ಎಲ್ಲ ಕಡೆಯೂ ಸರಿಯಾಗಿ, ಒಂದು ನೂಲೂ ಹೆಚ್ಚಿಲ್ಲದೆ.

ಎಷ್ಟು ದಿನವಾಯಿತೋ ಅವರಿಗೆ ತಿಳಿಯದು. ಉಸಿರಿಲ್ಲ, ಹಸಿವಿಲ್ಲ, ಕಿವಿ ಮಾತ್ರ ಉಳಿದಿತ್ತು. ಯಾರೋ ಹೊರಗಿಂದ ಗೋಡೆ ಬಡಿದರು. ತುದಿಯಿಂದ ತುದಿಗೆ ಬಡಿಯುತ್ತ ಬಂದರು.

“ನಾನು ಹೇಳಿದ್ನಲ್ಲ, ಆ ಟೊಳ್ಳು ತುಂಬಿದೆ ತಾಯಿ. ಗಟ್ಟಿ ಸದ್ದು,” ಎಂದಿತು ಮೇಸ್ತ್ರಿಯ ದನಿ. “ಅಳತೆಯಲ್ಲಿ ಏನೋ ಹೆಚ್ಚಾಗಿದೆ.”

ಆಮೇಲೆ ಹೆಂಡತಿಯ ದನಿ ಬಂತು, ಗೋಡೆಗೆ ಕೆನ್ನೆಯಾನಿಸಿದಷ್ಟು ಹತ್ತಿರ. ಅತ್ತು ಅತ್ತು ಒಡೆದ ದನಿ.

“ಎರಡು ಬೆರಳು. ಪರದೆಗೂ ಬಿಡೋರು.”

ಮೇಸ್ತ್ರಿ ಏನೋ ಗೊಣಗಿದ. ಅವಳು ಎದ್ದು ಅಡುಗೆಮನೆಯ ಕಡೆ ನಡೆದ ಸದ್ದಾಯಿತು. ಆ ಬೋಳು ಗೋಡೆಯನ್ನು ಅಂಗೈಯಿಂದ ತಟ್ಟಿದ್ದೂ ಕೇಳಿಸಿತು. ಮಾಸ್ಟರು ಕೂಗಬೇಕೆಂದುಕೊಂಡರು, ಬೇಡ, ನೀನು ಈ ಪಾಪಕ್ಕೆ ಇಳಿಯಬೇಡ ಎಂದು. ನಾಲಗೆಯ ಮೇಲೆ ಸುಣ್ಣವಿತ್ತು.

“ಇಲ್ಲಿ ಕಿಟಕಿ ಇಡಿಸಬೇಕು ಅಂತಿದ್ದೆ ಮೇಸ್ತ್ರಿ,” ಎಂದಳು ಅವಳು. “ಕಿಟಕಿ ಬೇಡ. ಟೊಳ್ಳು ಬಿಡಿ. ಕೋಟಿನ ಟ್ರಯಲ್‌ಗೆ ಆ ಮನುಷ್ಯನನ್ನ ಭಾನುವಾರ ಮನೆಗೇ ಕರೆದಿದ್ದೀನಿ. ಅಳತೆ ಈ ಸಲ ನಾನೇ ತಗೊಂಡೆ. ಒಳಹೊಲಿಗೆಗೆ ಏನೂ ಬಿಟ್ಟಿಲ್ಲ.”