ಕೊನೆಯವರು ಬಾಗಿಲು ಎಳೆದುಕೊಳ್ಳಿ

ಫ್ರಾನ್ಸಿನ ಲ್ವಾರ್ ನದಿಯ ದಡದ ಹಳೆಯ ಅರಮನೆಯೊಂದರಲ್ಲಿ ನಾನು ಗೈಡ್. ಚಳಿಗಾಲದಲ್ಲಿ ಶಾಖ ಹೊರಹೋಗದಿರಲೆಂದು, ಪ್ರತಿ ಕೋಣೆ ಹೊಕ್ಕಾಗಲೂ "ಕೊನೆಯವರು ಬಾಗಿಲು ಎಳೆದುಕೊಳ್ಳಿ" ಅನ್ನುವುದು ನಮ್ಮಲ್ಲಿ ರೂಢಿ. ಆ ಜನವರಿಯ ಮಧ್ಯಾಹ್ನ ಬಂದವರು ಮುದುಕ ಫೆರ್ನಾಂ ಮತ್ತು ಅವರ ಹೆಂಡತಿ ಒಡೆಟ್, ಇಬ್ಬರೇ. ಹಿಂದೆ ಉಳಿದು ಬಾಗಿಲು ಎಳೆಯುತ್ತಿದ್ದವರು ಒಡೆಟ್.

"ಮನೇಲೂ ನಂದೇ ಈ ಕೆಲಸ. ಈ ಮಹಾರಾಯರು ಒಂದಿನ ಬಾಗಿಲು ಹಾಕಿದೋರಲ್ಲ."

"ನೀನಿರುವಾಗ ನಂಗ್ಯಾಕೆ ಕಣೇ!"

ಗೋಡೆಗೆ ಚಿತ್ರಗಂಬಳಿಗಳನ್ನು ತೂಗುಹಾಕಿದ ಕೋಣೆಯಲ್ಲಿ ಒಡೆಟ್, ಫೆರ್ನಾಂ ಇಬ್ಬರೂ ನನ್ನ ಮುಂದೆಯೇ ನಿಂತಿದ್ದರು. ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿತು, ಬೀಗ ತಿರುಗಿತು. ಕೀಲಿಗೊಂಚಲು ನನ್ನ ಕೈಯಲ್ಲೇ ಇತ್ತು.

ಆ ಕೋಣೆಗೆ ಬೇರೆ ಬಾಗಿಲಿಲ್ಲ, ದಪ್ಪ ಗೋಡೆಗಳ ನಡುವೆ ಫೋನೂ ಸಿಗುವುದಿಲ್ಲ. ಆಚೆಯಿಂದ ಇನ್ನೊಂದು ಕೀಲಿ ತೂರಿಸಿಟ್ಟಂತೆ, ನನ್ನ ಕೀಲಿ ಒಳಗೆ ಹೋಗಲೇ ಇಲ್ಲ. ಚಳಿ ಕಾಯಿಸುವ ಒಲೆ ಆರಿದ್ದರೂ ಕೋಣೆ ಬಿಸಿಯೇರುತ್ತಿತ್ತು. ಫೆರ್ನಾಂಗೆ ಉಬ್ಬಸ ಶುರುವಾಯಿತು.

"ನನ್ನ ಸ್ಪ್ರೇ... ಕಾರಲ್ಲೇ ಬಿಟ್ಟೆ ಕಣೇ..."

ಒಡೆಟ್ ಬಾಗಿಲು ಗುದ್ದಿದರು. "ಯಾರಪ್ಪಾ ಅದು? ನಮ್ಮೆಜಮಾನ್ರಿಗೆ ಉಸಿರು ಸಿಕ್ತಿಲ್ಲ, ತೆಗೀರಿ!"

ಆಚೆಯಿಂದಲೂ ಯಾರೋ ಹಾಗೆಯೇ ಗುದ್ದಿದರು. ಒಡೆಟ್‌ಗೆ ರೇಗಿತು.

"ಆಟ ಆಡ್ತೀಯಾ? ಬಾಗಿಲು ಹಾಕೋದು ನನ್ನ ಕೆಲಸ. ಬಿಡು ಅದನ್ನ!"

ಆಚೆಯ ಗುದ್ದು ನಿಂತಿತು. ಆಮೇಲೆ ಬೀಗ ತಿರುಗಿತು. ಹೊರಗಿನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಫೆರ್ನಾಂ ಕಾರಿನ ಬಳಿ ಸುಧಾರಿಸಿಕೊಂಡರು. ಆಚೆ ಬದಿಯಲ್ಲಿ ಉಳಿದಿರಬಹುದಾದ ಕೀಲಿಯನ್ನು ತೆಗೆದುಬಿಡೋಣವೆಂದು ನಾನು ಒಬ್ಬಳೇ ಹಿಂತಿರುಗಿದೆ. ದಿನವೂ ದಾಟುವ ಬಾಗಿಲಾದರೂ ಅಂದೇ ಗಮನಿಸಿದ್ದು: ಪಡಸಾಲೆಯ ಬದಿಯಲ್ಲಿ ಕೀಲಿ ಹಾಕಲು ಕಿಂಡಿಯೇ ಇಲ್ಲ, ಬರೀ ನುಣುಪಾದ ಓಕ್ ಹಲಗೆ.