ಮುದಿ ಕಾರಿನ ಸ್ಟಿಕರ್

"ಏಸಿ ಕಂಪ್ರೆಸರ್ ಕಚ್ಕೊಂಡುಬಿಟ್ಟಿದೆ ಮೇಷ್ಟ್ರೇ. ಇನ್ನು ತಿರುಗಲ್ಲ," ಎಂದಳು ಅಮ್ಮ.

ಗ್ಯಾರೇಜಿನ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಚೂಟಿ ತಲೆ ಎತ್ತಿದಳು. ಕಾರುಗಳ ಏಸಿ ರಿಪೇರಿಯಲ್ಲಿ ಅವಳ ಅಮ್ಮನದು ಎತ್ತಿದ ಕೈ. ಬಾನೆಟ್ ತೆರೆದು ನಿಂತಿದ್ದದ್ದು ರಿಟೈರಾದ ಮೇಷ್ಟ್ರ ಮುದಿ ಕಾರು. ಬಣ್ಣ ಹೋದರೂ, ಬಾಗಿಲು ಕಿರುಗುಟ್ಟಿದರೂ, ಅದರ ಏಸಿ ಮಾತ್ರ ಇಷ್ಟು ದಿನ ತಣ್ಣಗೆ ಬೀಸುತ್ತಿತ್ತು. ಬೀಸಲೇಬೇಕಿತ್ತು. ಮೇಷ್ಟ್ರ ಹೆಂಡತಿಗೆ ಕಾಯಿಲೆ. ವಾರ ವಾರ ದೂರದ ಆಸ್ಪತ್ರೆಗೆ ಹೋಗಬೇಕು. ಸೆಕೆ ತಾಗಿದರೆ ಸಾಕು, ಪಾಪ, ಅವರಿಗೆ ತಲೆ ಸುತ್ತುತ್ತದೆ.

ಮೊನ್ನೆ ದಾರಿಯಲ್ಲಿ ತಂಪು ಕಡಿಮೆಯಾಯಿತಂತೆ. ಅಲ್ಲೇ ಸಿಕ್ಕಿದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿದನಂತೆ. ಹಳೇ ಕಾರು, ಏಸಿಯಲ್ಲಿ ಹಳೇ ಕಾಲದ ಗ್ಯಾಸೇ ಇರಬೇಕು ಎಂದುಕೊಂಡು, ತನ್ನ ಹತ್ತಿರ ಉಳಿದಿದ್ದ ಹಳೇ ಗ್ಯಾಸನ್ನೇ ತುಂಬಿದನಂತೆ.

ಆದರೆ ಒಳಗೆ ಇದ್ದದ್ದು ಹೊಸ ಗ್ಯಾಸ್. ಹಳೆಯದು ಈಗ ಸುಲಭಕ್ಕೆ ಸಿಗುವುದಿಲ್ಲ ಎಂದು ಹೋದ ವರ್ಷ ಅಮ್ಮನೇ ಬದಲಾಯಿಸಿದ್ದಳು. ಅದಕ್ಕೆ ಹೊಂದುವ ಎಣ್ಣೆಯನ್ನೂ ಹಾಕಿದ್ದಳು. ಎರಡು ಗ್ಯಾಸ್ ಬೆರೆತರೆ ಎಣ್ಣೆ ಕೈಕೊಡುತ್ತದೆ, ಕಂಪ್ರೆಸರ್ ಹಾಳಾಗುತ್ತದೆ. ಅದಕ್ಕೇ ಹೀಗೆ ಬದಲಾಯಿಸಿದ ಕಾರಿಗೆ, ಒಳಗೆ ಯಾವ ಗ್ಯಾಸ್ ಇದೆ ಅಂತ ಬಾನೆಟ್ಟಿನ ಕೆಳಗೆ ಒಂದು ಸ್ಟಿಕರ್ ಅಂಟಿಸಬೇಕು.

ಅಮ್ಮ ಟಾರ್ಚ್ ಹಿಡಿದು ಹುಡುಕಿದಳು. ಸ್ಟಿಕರ್ ಇರಲಿಲ್ಲ.

ಚೂಟಿಯ ಪೆನ್ಸಿಲ್ ನಿಂತಿತು. ಗ್ಯಾಸ್ ಬದಲಾಯಿಸಿದ ದಿನ ಅಮ್ಮನ ಕೈಯೆಲ್ಲ ಎಣ್ಣೆ. ಅಂಟಿಸು ಅಂತ ಇವಳ ಕೈಗೆ ಕೊಟ್ಟಿದ್ದಳು. ಮಿರಿಮಿರಿ ಮಿಂಚುವ ನೀಲಿ ಸ್ಟಿಕರ್! ಬಾನೆಟ್ಟಿನ ಕತ್ತಲಲ್ಲಿ ಅದನ್ನು ನೋಡುವವರಾದರೂ ಯಾರು? ಚೂಟಿ ಅದನ್ನು ತನ್ನ ಸೈಕಲ್ಲಿಗೆ ಅಂಟಿಸಿಕೊಂಡು ಸ್ಕೂಲಿನಲ್ಲೆಲ್ಲ ಮೆರೆದಿದ್ದಳು. ಅಂಟಿಸಿದೆಯಾ ಎಂದು ಅಮ್ಮ ಕೇಳಿದಾಗ ಹೂಂ ಎಂದಿದ್ದಳು. ಅಂಟಿಸಿದ್ದು ನಿಜವೇ ತಾನೇ ಎಂದು ಒಳಗೊಳಗೇ ನಕ್ಕೂ ಇದ್ದಳು, ತುಂಟಿ.

"ತಪ್ಪು ನಂದೇ ಮೇಷ್ಟ್ರೇ," ಎಂದಳು ಅಮ್ಮ. "ಕಳಿಸೋ ಮುಂಚೆ ನಾನು ಒಂದ್ಸಲ ನೋಡ್ಬೇಕಿತ್ತು."

ಅಮ್ಮ ಚೂಟಿಯ ಕಡೆ ತಿರುಗಲೂ ಇಲ್ಲ. ಅಮ್ಮ ಯಾರ ಮುಂದೆಯಾದರೂ ಹಾಗೆ ತಲೆ ತಗ್ಗಿಸಿದ್ದನ್ನು ಚೂಟಿ ಈವರೆಗೆ ಕಂಡಿರಲಿಲ್ಲ.

"ಅಮ್ಮ ಅಲ್ಲ, ನಾನು," ಎಂದಳು. "ಸ್ಟಿಕರ್ ನನ್ನ ಸೈಕಲ್ ಮೇಲಿದೆ."

ಬೈಗುಳ ಬಂದಿದ್ದರೆ ಚೆನ್ನಾಗಿತ್ತು. ಮೇಷ್ಟ್ರು ಬೈಯಲಿಲ್ಲ. ರಿಪೇರಿಗೆ ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು. ಇಷ್ಟು ಹಳೇ ಮಾಡೆಲ್ಲಿಗೆ ಕಂಪ್ರೆಸರ್ ಹುಡುಕಬೇಕು, ಸಿಗುತ್ತದೆ ಅಂತ ಹೇಳಲಾರೆ ಎಂದಳು ಅಮ್ಮ.

"ಇರ್ಲಿ ಬಿಡಮ್ಮಾ. ನಮ್ಮವಳು ಒದ್ದೆ ಟವೆಲ್ ತಲೆಗೆ ಸುತ್ಕೊಂಡು ಹೇಗೋ ಬರ್ತಾಳೆ," ಎಂದರು ಮೇಷ್ಟ್ರು.

ಅಮ್ಮ ಬಿಡಿಭಾಗದ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದಳು. ಎಲ್ಲರದೂ ಒಂದೇ ಉತ್ತರ, ಇಲ್ಲ. ಮೇಷ್ಟ್ರು ಹೊರಗಿನ ಬೆಂಚಿನಲ್ಲಿ ಕಾಯುತ್ತಾ ಕೂತರು.

ಚೂಟಿ ಮೆಲ್ಲಗೆ ಕಾರಿನ ಹಿಂದಿನ ಸೀಟಿಗೆ ಹತ್ತಿದಳು. ಅಲ್ಲಿ ಮೇಷ್ಟ್ರ ಹೆಂಡತಿ ಒರಗುವ ಒಂದು ಪುಟ್ಟ ದಿಂಬಿತ್ತು. ಕಿಟಕಿಗಳೆಲ್ಲ ತೆರೆದೇ ಇದ್ದವು, ಆದರೂ ಗಾಳಿಯ ಸುಳಿವಿಲ್ಲ. ತಗಡಿನ ಚಾವಣಿಯ ಕಾವಿಗೆ ಸೀಟು ಕೆಂಡದಂತಿತ್ತು. ಬೆವರು ಹಣೆಯಿಂದ ಕಣ್ಣಿಗಿಳಿದು ಉರಿಯಿತು.

"ಏ, ಅಲ್ಲೇನ್ ಮಾಡ್ತಿದೀಯ? ಬೇಯ್ತಾ ಇದೆ, ಹೊರಗೆ ಬಾ," ಎಂದು ಅಮ್ಮ ಕರೆದಳು.

ಚೂಟಿ ಏಳಲಿಲ್ಲ. ಅವಳ ಲೆಕ್ಕದಲ್ಲಿ ಆಸ್ಪತ್ರೆಯ ದಾರಿ ಇನ್ನೂ ಅರ್ಧವೂ ಮುಗಿದಿರಲಿಲ್ಲ.