ನಲವತ್ತು ಸೆಕೆಂಡುಗಳ ಗಾಳಿ

“ನಿಮ್ಮಣ್ಣ ಎಲ್ಲಿ?”

ಅವಳ ಹೆಗಲ ಮೇಲೆ ತನ್ನ ಗಾಲ್ಫ್ ಬ್ಯಾಗನ್ನು ಕಂಡು ಆಟಗಾರ ಆಡಿದ ಮೊದಲ ಮಾತು ಅದು.

“ಮೆಟ್ಟಿಲು ಇಳಿಯೋವಾಗ ಕಾಲು ಉಳುಕಿಸಿಕೊಂಡ. ಇವತ್ತು ಬ್ಯಾಗ್ ಹೊರೋಳು ನಾನೇ.”

“ಎಂಟು ಕಿಲೋಮೀಟರ್ ನಡಿಗೆ, ಹದಿನೈದು ಕಿಲೋ ಭಾರ. ಆಗುತ್ತಾ?”

“ಭಾರ ನನಗಿರಲಿ. ಮಧ್ಯಾಹ್ನಕ್ಕೆ ಗಾಳಿಯ ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟುತ್ತೆ. ನಿಮಗೆ ಆಗುತ್ತಾ?”

ಅವನು ನಕ್ಕ. ಎಡಗೈ ಆಟಗಾರನಾದ್ದರಿಂದ ಎಲ್ಲರೂ ಅವನನ್ನು ಎಡಚ ಎನ್ನುತ್ತಿದ್ದರು. ನಗುವಾಗಲೂ ತುಟಿಯ ಎಡತುದಿಯೇ ಮೊದಲು ಏಳುವುದನ್ನು ಅವಳು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನನ್ನೇ ಗದರಿಕೊಂಡಳು.

ಅವಳು ವಿಮಾನ ನಿಲ್ದಾಣದ ಹವಾಮಾನ ಕಚೇರಿಯ ವೀಕ್ಷಕಿ. ಮೂರು ವರ್ಷಗಳಿಂದ ಪ್ರತಿ ಪಂದ್ಯದ ಬೆಳಿಗ್ಗೆ ಗಾಳಿ, ತೇವ, ಉಷ್ಣತೆಗಳನ್ನು ಒಂದು ಚೀಟಿಯಲ್ಲಿ ಬರೆದು ಅಣ್ಣನ ಕೈಗೆ ಕೊಡುತ್ತಿದ್ದವಳು ಅವಳೇ. ಚೀಟಿ ಯಾರದೆಂದು ಎಡಚನಿಗೆ ತಿಳಿದಿರಲಿಲ್ಲ. ಅಣ್ಣ ಮನೆಗೆ ಬಂದು ಒಂದೊಂದು ಹೊಡೆತವನ್ನೂ ಬಣ್ಣಿಸುವಾಗ, ತಟ್ಟೆಯಲ್ಲಿದ್ದದ್ದು ತಣ್ಣಗಾಗುವವರೆಗೆ ಅವಳು ಕಿವಿಯಾಗಿ ಕೂರುತ್ತಿದ್ದಳು.

ಅಂದು ಅರ್ಹತಾ ಪಂದ್ಯದ ಕೊನೆಯ ದಿನ. ಎಪ್ಪತ್ತೆರಡು ಹೊಡೆತಗಳೊಳಗೆ ಹದಿನೆಂಟು ಕುಳಿಗಳನ್ನು ಮುಗಿಸಿದರೆ ಮುಂದಿನ ವರ್ಷವೂ ಅವನು ಆಟಗಾರ. ಎಪ್ಪತ್ತಮೂರಾದರೆ ಸೋದರಮಾವನ ಟೈಲ್ಸ್ ಅಂಗಡಿಯ ಗಲ್ಲಾಪೆಟ್ಟಿಗೆ.

ನಾಲ್ಕನೆಯ ಕುಳಿಯಲ್ಲಿ ಅನಾಹುತವಾಯಿತು.

“ಎಷ್ಟು ದೂರ?” ಎಂದು ಅವನು ಕೇಳಿದ.

“ನೂರ ಐವತ್ತನಾಲ್ಕು ಮೀಟರ್.”

ಅವನು ಉದ್ದನೆಯ ಕೋಲನ್ನು ಎಳೆದು ಹೊಡೆದ. ಚೆಂಡು ಕುಳಿಯಲ್ಲಿ ನೆಟ್ಟ ಧ್ವಜದ ಮೇಲೆ ಹಾರಿ, ಹುಲ್ಲುಹಾಸನ್ನು ದಾಟಿ, ಪೊದೆಯೊಳಗೆ ಬಿತ್ತು.

“ನೂರ ಐವತ್ತನಾಲ್ಕು ಅಂದ್ರಲ್ಲ!”

“ಎದುರುಗಾಳಿ ಸೇರಿಸಿ ಅಂದೆ! ನೆಲದ ಮೇಲೆ ನೂರ ನಲವತ್ತೇ.”

“ಅಯ್ಯೋ! ನಿಮ್ಮಣ್ಣ ಬರೀ ನೆಲ ಹೇಳ್ತಾನೆ. ಗಾಳೀನ ನಾನು ಸೇರಿಸ್ತೀನಿ.”

ಒಂದೇ ಗಾಳಿಯನ್ನು ಇಬ್ಬರೂ ಒಂದೊಂದು ಸಲ ಕೂಡಿಸಿದ್ದರು. ಮೂರರಲ್ಲಿ ಮುಗಿಯಬೇಕಾದ ಕುಳಿಗೆ ಐದು ಹೊಡೆತಗಳಾದವು.

ಅವಳು ಬ್ಯಾಗನ್ನು ಕೆಳಗಿಳಿಸಿದಳು. “ನನ್ನಿಂದ ಎರಡು ಹೊಡೆತ ಹೋಯ್ತು.”

“ನಮ್ಮಿಂದ. ತಲಾ ಒಂದು.” ಅವನು ಚೆಂಡನ್ನು ಒರೆಸುತ್ತ ಅವಳ ಕಡೆ ಓರೆಯಾಗಿ ನೋಡಿದ. “ಇನ್ನು ಮೇಲೆ ನೆಲ ನನ್ನದು, ಗಾಳಿ ನಿಮ್ಮದು. ನಿಮ್ಮ ಗಾಳಿ ನಾನು ಮುಟ್ಟಲ್ಲ.”

ಮುಂದಿನ ಕುಳಿಗೆ ಅವಳು ಗಾಳಿಯ ಅಂಕಿಯನ್ನು, 7 ಎಂದು, ಸ್ಕೋರ್ ಕಾರ್ಡಿನ ಅಂಚಿನಲ್ಲಿ ಬರೆದು ತೋರಿಸಿದಳು. ಅವನು ಕೋಲಿಗೆ ಚಾಚಿದ ಕೈಯನ್ನು ಹಾಗೆಯೇ ನಿಲ್ಲಿಸಿದ.

“ಈ ಏಳು! ಹೊಟ್ಟೆಗೆ ಗೆರೆ ಎಳೆದ ಏಳು! ಚೀಟಿ ಬರೀತಿದ್ದೋರು ನೀವಾ?”

“ಆಡಿ, ಸಮಯವಾಗುತ್ತೆ.”

“‘ಇಂದು ಗಾಳಿಗೆ ಮೂಗಿನ ತುದಿಯಲ್ಲೇ ಕೋಪ, ಎದುರಾಡಬೇಡಿ’ ಅಂತ ಬರೆದದ್ದೂ ನೀವೇನಾ? ನಿಮ್ಮಣ್ಣನಿಗೆ ಅಷ್ಟು ರಸಿಕತೆ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡಿದ್ದೆ. ಎಲ್ಲಾ ಚೀಟೀನೂ ಇಟ್ಟಿದ್ದೀನಿ.”

“ಹಳೇ ಹವಾಮಾನ ಇಟ್ಟುಕೊಂಡು ಏನು ಮಾಡ್ತೀರಿ?”

“ಓದ್ತೀನಿ.”

ಅವಳ ಕೆನ್ನೆ ಕೆಂಪಾಯಿತು. ಅದಕ್ಕೆ ಚಳಿಗಾಳಿಯೇ ಕಾರಣವೆಂದು ತೋರುವಂತೆ ಅವಳು ಕಾಲರನ್ನು ಮೇಲೆತ್ತಿಕೊಂಡಳು.

ಆಮೇಲೆ ಆಟಕ್ಕೆ ರೆಕ್ಕೆ ಮೂಡಿತು. ಅವಳು ಹೇಳುತ್ತ ಹೋದಳು: “ಎದುರುಗಾಳಿಗೆ ಸಿಟ್ಟಿನಿಂದ ಹೊಡೀಬೇಡಿ, ಚೆಂಡು ತಿರುಗಿ ತಿರುಗಿ ಬಲೂನ್ ಥರ ಏಳುತ್ತೆ. ದೊಡ್ಡ ಕೋಲು, ಮೆಲ್ಲನೆ ಬೀಸು.” “ಎದುರುಗಾಳಿ ಹತ್ತು ಮೀಟರ್ ಕಸಿದರೆ ಹಿಂಗಾಳಿ ಐದೇ ವಾಪಸ್ ಕೊಡುತ್ತೆ.” ಅವನು “ಜಿಪುಣ ಗಾಳಿ!” ಎಂದ. “ಚಳಿ ಏರಿದೆ, ಇನ್ನು ಮೂರು ಮೀಟರ್ ಕಡಿಮೆ ಹೋಗುತ್ತೆ.” ಒಂಬತ್ತನೆಯ ಕುಳಿಯಲ್ಲಿ, ಕಳೆದುಕೊಂಡಿದ್ದ ಎರಡರಲ್ಲಿ ಒಂದು ಹೊಡೆತ ಮರಳಿ ಬಂತು. ಹದಿನಾರನೆಯದರಲ್ಲಿ ಇನ್ನೊಂದು.

ಹದಿನೆಂಟನೆಯ ಕುಳಿಗೆ ನಾಲ್ಕೇ ಹೊಡೆತ ಉಳಿದಿದ್ದವು. ಮೊದಲನೆಯದು ನೇರವಾಗಿ ಹೋಯಿತು. ಎರಡನೆಯದರ ಮುಂದೆ ಕೊಳ, ಕೊಳದಾಚೆ ಧ್ವಜ, ಧ್ವಜದ ಬೆನ್ನಿಗೇ ಮುಳ್ಳುಪೊದೆ. ತುಂತುರು ಶುರುವಾಗಿತ್ತು. ಅವಳು ಕೋಲಿನ ಹಿಡಿಯನ್ನು ಒಣಬಟ್ಟೆಯಿಂದ ಒರೆಸಿ ಕೊಟ್ಟಳು.

“ನೆಲ ನೂರಿಪ್ಪತ್ತು,” ಎಂದ ಅವನು.

“ಬೀಸು ಜೋರಿದ್ದಾಗ ಹದಿನೆಂಟು ಸೇರಿಸಬೇಕು. ಬಿಡುವಿದ್ದಾಗ ಎಂಟು. ಎಂಟಕ್ಕೇ ಹೊಡೀರಿ, ಬಿಡುವು ಬಂದಾಗ ಹೇಳ್ತೀನಿ.”

“ಹೊಡೆದ ಮೇಲೆ ಬೀಸು ಬಂದರೆ?”

“ಕೊಳ.”

ತೀರ್ಪುಗಾರ ಕೈಗಡಿಯಾರ ನೋಡಿದ. ಒಂದು ಹೊಡೆತಕ್ಕೆ ಆಟಗಾರನಿಗಿರುವುದು ನಲವತ್ತು ಸೆಕೆಂಡು, ಅಷ್ಟೇ.

ಎಡಚ ಚೆಂಡಿನ ಬಳಿ ನಿಂತ. ಅವಳು ಅವನನ್ನು ನೋಡಲಿಲ್ಲ. ಕೊಳದಾಚೆಯ ಮರಗಳ ತುದಿಯನ್ನು ನೋಡಿದಳು. ಹತ್ತು. ಎಲೆಗಳು ಮಗುಚಿ ಬೆಳ್ಳಗಾದವು. ಇಪ್ಪತ್ತು. ಧ್ವಜ ಪಟಪಟ ಬಡಿಯಿತು. ಅವನು ತಲೆಯೆತ್ತಲಿಲ್ಲ, ಕೇಳಲಿಲ್ಲ, ಕಾದ. ಇಪ್ಪತ್ತೆಂಟು. ತನ್ನ ಒಂದು ಶಬ್ದಕ್ಕಾಗಿ ಒಬ್ಬ ಮನುಷ್ಯನ ಇಡೀ ಬದುಕು ಉಸಿರು ಹಿಡಿದು ನಿಂತಿದೆಯೆಂದು ಅವಳಿಗೆ ಅನಿಸಿತು. ಮೂವತ್ತಮೂರು. ಮರದ ತುದಿ ತಟ್ಟನೆ ಮಂಕಾಗಿ ನಿಂತಿತು.

“ಈಗ!”

ಕೋಲು ಬೀಸಿತು. ಚೆಂಡು ಕೊಳವನ್ನು ದಾಟಿತು. ಆಚೆ ದಡದಿಂದ ಎರಡು ಹೆಜ್ಜೆ ಒಳಗೆ ಹುಲ್ಲಿನ ಮೇಲೆ ಬಿದ್ದು ನಿಂತಿತು. ಮರುಕ್ಷಣವೇ ಗಾಳಿ ಹುಚ್ಚೆದ್ದು ಧ್ವಜವನ್ನು ಬಾಗಿಸಿತು.

“ನೆನೆದ ಹುಲ್ಲು ಚೆಂಡನ್ನ ಹಿಡಿಯುತ್ತೆ, ಸ್ವಲ್ಪ ಗಟ್ಟಿಯಾಗಿ,” ಎಂದಳು. ಮೂರನೆಯ ಹೊಡೆತ ಕುಳಿಗೆ ಒಂದು ಗೇಣು ಈಚೆ ನಿಂತಿತು. ನಾಲ್ಕನೆಯದು ಒಳಗೆ ಬಿತ್ತು.

ಎಪ್ಪತ್ತೆರಡು.

ಅಣ್ಣ ಊರುಗೋಲು ಕುಟ್ಟುತ್ತ ಕುಂಟಿಕೊಂಡು ಬಂದ. “ಲೇ ಬಿರುಗಾಳಿ, ಕೊಡೇ ಬ್ಯಾಗು! ಮುಂದಿನ ತಿಂಗಳಿಂದ ನಾನೇ ಹೊರ್ತೀನಿ.”

“ಬ್ಯಾಗ್ ನಿನ್ನದೇ ಮಾರಾಯ,” ಎಂದ ಎಡಚ. “ನಿನ್ನ ತಂಗಿ ಹತ್ತಿರ ಬೇರೆ ಮಾತಿದೆ.” ಅವಳತ್ತ ತಿರುಗಿದ. “ನಾಳೆ ಸಂಜೆ ಹವೆ ಹೇಗಿರುತ್ತೆ?”

“ನಾಳೆ ಆಟ ಇಲ್ವಲ್ಲ.”

“ಆಟಕ್ಕಲ್ಲ. ಬ್ಯಾಗಿಲ್ಲದೆ ನಿನ್ನ ಜೊತೆ ನಡೆಯೋಕೆ. ನಾಳೆ ಒಂದೇ ದಿನ ಅಲ್ಲ, ನೀನು ಸಾಕು ಅನ್ನೋವರೆಗೆ.”

ಅವಳು ಆಕಾಶವನ್ನು ಬಹಳ ಹೊತ್ತು ಪರೀಕ್ಷಿಸಿದಳು.

“ಮಳೆ ಬರುತ್ತೆ.”

“ಎಷ್ಟು?”

“ಇಬ್ಬರಿಗೂ ಒಂದೇ ಛತ್ರಿ ಬೇಕಾಗುವಷ್ಟು.”

“ನಾಳೆ ಬಿಸಿಲು ಅಂತ ಬೆಳಿಗ್ಗೆ ನೀನೇ ಹೇಳಿದ್ಯಲ್ಲೇ!” ಎಂದ ಅಣ್ಣ.

ಮರುದಿನ ಸಂಜೆ ಒಂದು ಹನಿಯೂ ಬೀಳಲಿಲ್ಲ. ಒಣರಸ್ತೆಯ ಮೇಲೆ ಛತ್ರಿ ಬಿಚ್ಚಿಕೊಂಡು ಹೋಗುತ್ತಿದ್ದ ಇಬ್ಬರನ್ನು ಜನ ತಿರುತಿರುಗಿ ನೋಡಿದರು.